ಕನ್ನಡ ಹುಡುಕಲು ನ್ಯೂಜೆರ್ಸಿಗೆ

ಭಾಷಾವಿಜ್ಞಾನದ ನಮ್ಮ ಪ್ರೊಫೆಸರ್ ಸಾಹೇಬರು ಒಂದು ವರ್ಷದ ಸಂಶೋಧನಾ ರಜೆ ಪಡೆದು ಹೊರಟಿರುವುದು ಕೋಲಾರದಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಹಾರ, ಶಾಲು, ಮೈಸೂರು ಪೇಟದ ಫೋಟೊ ಎಲ್ಲರ ಫೋನಿಗೂ ಬಂದಿದೆ. ನ್ಯೂಜೆರ್ಸಿ, ಲಂಡನ್, ಸಿಂಗಪುರ, ಮೆಲ್ಬರ್ನ್. ಅಲ್ಲಿ ಹುಟ್ಟಿದ ಕನ್ನಡದ ಮಕ್ಕಳು ಅಜ್ಜಿ ಹೇಳಿದ್ದು ಅರ್ಥವಾದರೂ ಇಂಗ್ಲಿಷಿನಲ್ಲೇ ಯಾಕೆ ಉತ್ತರ ಕೊಡುತ್ತಾರೆ ಅಂತ ಪತ್ತೆ ಹಚ್ಚಲಿದ್ದಾರಂತೆ.

ಎಂಥಾ ಸಾಹಸ ಸ್ವಾಮಿ! ಬೆಳಿಗ್ಗೆ ಎಂಟಕ್ಕೆ ನಮ್ಮೂರಿನ ಡೂಂಲೈಟ್ ಸರ್ಕಲ್ಲಿನಲ್ಲಿ ನಿಂತರೆ ಹಳದಿ ವ್ಯಾನುಗಳು ಅಂಥ ಮಕ್ಕಳನ್ನೇ ತುಂಬಿಕೊಂಡು ಹೋಗುತ್ತವೆ. 'ನೀರು ತಗೊಂಡ್ಯಾ ಕಂದಾ' ಅಂದರೆ 'ಯೆಸ್ ಅಜ್ಜಿ, ಬೈ ಅಜ್ಜಿ.' ಶಾಲೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿತು. 2019ರಲ್ಲಿ ಸರ್ಕಾರವೇ ತನ್ನ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಆದರೆ ಸರ್ಕಲ್ಲಿನಲ್ಲಿ ನಿಲ್ಲೋದಕ್ಕೆ ಟಿಎ, ಡಿಎ ಇಲ್ಲವಲ್ಲ.

ಎಪಿಎಂಸಿ ಮಾರುಕಟ್ಟೆಗಾದರೂ ಒಂದು ಸಲ ಹೋಗಿ ಬರಬಹುದಿತ್ತು. ಹದಿನೈದು ಕೆಜಿ ಟೊಮೆಟೊ ಬಾಕ್ಸಿನ ಮುಂದೆ ನಿಂತು ಹರಾಜು ಕೂಗುವವನನ್ನು ನೋಡಿ: ಶ್ರೀನಿವಾಸಪುರದ ರೈತನಿಗೆ ತೆಲುಗಿನಲ್ಲಿ ಸಮಾಧಾನ, ಚೆನ್ನೈ ವ್ಯಾಪಾರಿಗೆ ತಮಿಳಿನಲ್ಲಿ ದರ, ಲಾರಿಯವನಿಗೆ ಹಿಂದಿಯಲ್ಲಿ ಅವಸರ, ಚೀಟಿ ಬರೆಯೋದು ಕನ್ನಡದಲ್ಲಿ. ಒಂದು ಭಾಷೆಯಲ್ಲಿ ಎತ್ತಿದ ವಾಕ್ಯವನ್ನು ಇನ್ನೊಂದರಲ್ಲಿ ಇಳಿಸುತ್ತಾನೆ. ಎಲ್ಲಿ ದಾಟಿದ ಅಂತ ಅವನಿಗೇ ಗೊತ್ತಿರೋದಿಲ್ಲ. ಬೈಗುಳ ಮಾತ್ರ ಅವನ ಸ್ವಂತದ್ದು, ಯಾವ ಭಾಷೆಯಿಂದಲೂ ಸಾಲ ತಂದದ್ದಲ್ಲ. ಈ ಜಿಲ್ಲೆಯ ನೀರೇ ಅಂಥದ್ದು. ಮನೆಯಲ್ಲಿ ತಮಿಳಾಡಿದ ಮಾಸ್ತಿಯವರು ಕನ್ನಡಕ್ಕೆ ಜ್ಞಾನಪೀಠ ತಂದರು. ಡಿವಿಜಿಯವರು ಹುಟ್ಟಿದ್ದು ತೆಲುಗು ಗಡಿಯ ಮುಳಬಾಗಿಲಿನಲ್ಲಿ. ಅವರಿಬ್ಬರ ಬಗ್ಗೆ ಭಾಷಣ ಬಿಗಿಯುವಾಗ ನಮ್ಮ ಪ್ರೊಫೆಸರರ ಕಣ್ಣು ತೇವವಾಗುವುದನ್ನು ರಾಜ್ಯೋತ್ಸವಕ್ಕೊಮ್ಮೆ ನೋಡುತ್ತಲೇ ಇದ್ದೇವೆ.

ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ನೆಲದೊಳಗೆ ಇಳಿದು ದುಡಿದವರ ತಮಿಳು, ಅದರೊಳಗೆ ಸೇರಿಹೋದ ಕನ್ನಡ, ತೆಲುಗು, ದೊರೆಗಳ ಇಂಗ್ಲಿಷು, ಎಲ್ಲ ಬಲ್ಲವರು ಈಗ ಮುದುಕರು. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮೆಲ್ಬರ್ನಿನ ಮಗುವಿಗೆ ಇನ್ನೂ ಎಂಟು ವರ್ಷ, ಅದು ಎಲ್ಲಿಗೂ ಹೋಗೋದಿಲ್ಲ.

ರಜೆಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಪ್ರೊಫೆಸರ್ ದರ್ಜೆಯಲ್ಲಿ ಏಳು ವರ್ಷ ಪಾಠ ಮಾಡಿದ ಕಾಯಂ ಮೇಷ್ಟ್ರುಗಳಿಗೆ ಒಂದು ವರ್ಷದವರೆಗೆ ಪೂರ್ತಿ ಸಂಬಳದ ಬಿಡುವು ಕೊಡುವ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಒಳ್ಳೆಯದೇ. ಮೇಷ್ಟ್ರಾದವರು ಓದಬೇಕು, ತಿರುಗಬೇಕು. ನ್ಯೂಜೆರ್ಸಿಯ ಮಕ್ಕಳೂ ನಮ್ಮವರೇ.

ಆದರೆ ಪ್ರೊಫೆಸರರ ಕ್ಲಾಸು? ಅದನ್ನು ಅತಿಥಿ ಉಪನ್ಯಾಸಕಿಯೊಬ್ಬರ ಕೊರಳಿಗೆ ಕಟ್ಟಿದ್ದಾರೆ. ಇದರಲ್ಲಿ ತಮಾಷೆ ಮಾಡುವಂಥದ್ದು ನನಗೇನೂ ಕಾಣುತ್ತಿಲ್ಲ. ಪಾಠ ಅವರದು, ಪೇಪರ್ ತಿದ್ದೋದು ಅವರು, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದರೆ ಫೈಲು ಹೊರೋದೂ ಅವರೇ. ಸಂಬಳ ತಿಂಗಳುಗಟ್ಟಲೆ ತಡ. ಬೇಸಿಗೆ ರಜೆಗೆ ಅದೂ ಇಲ್ಲ. ಕಾಲೇಜು ತೆರೆದರೆ ಮತ್ತೆ ಹೊಸದಾಗಿ ಅರ್ಜಿ, ಮತ್ತೆ ಕೈಮುಗಿಯೋದು. ನಾಚಿಕೆಯಾಗಬೇಕು ನಮಗೆ.

ಈ ಉಪನ್ಯಾಸಕಿಯ ಪಿಎಚ್‌ಡಿ ಮುಳಬಾಗಿಲು ಗಡಿಯ ಹಳ್ಳಿಗಳ ಮಾತಿನ ಮೇಲೆಯೇ. ಭಾನುವಾರಗಳಲ್ಲಿ ಫೋನಿನಲ್ಲಿ ಮುದುಕಿಯರ ಮಾತು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಗಿದೆಯಲ್ಲ, ಅವರ ಸಂಶೋಧನೆಗೆ ಸಿಕ್ಕಿರುವ ಒಂದೇ ಒಂದು ಅನುದಾನ ಅದು. ಅದಕ್ಕೂ ಗುರುತಿನ ಚೀಟಿ ತೋರಿಸಬೇಕು.