ಹುಡುಗನಿಗೊಂದು ಲಾಂಛನ

ನ್ಯೂಜೆರ್ಸಿಯ ನಮ್ಮ ಪಕ್ಕದ ಮನೆಯ ಯಹೂದಿ ಹುಡುಗನಿಗೆ ಹದಿಮೂರು ತುಂಬಲು ಇನ್ನೂ ಎರಡು ವರ್ಷವಿದ್ದಾಗಲೇ ಅವನ ಬಾರ್ ಮಿಟ್ಸ್ವಾಗೆ ಸಭಾಂಗಣ ಗೊತ್ತಾಗಿತ್ತು. ಮೈಸೂರಿನಿಂದ ಬಂದಿದ್ದ ನನ್ನ ಮಾವನವರ ಕಿವಿಗೆ ಬಿದ್ದದ್ದು ಮೊದಲ ಶಬ್ದ ಮಾತ್ರ. "ಹದಿಮೂರಕ್ಕೇ ಬಾರೇ?" ಎಂದು ಕನ್ನಡಕ ತೆಗೆದರು. ಬಾರ್ ಎಂದರೆ ಅರಮಾಯಿಕ್ ಭಾಷೆಯಲ್ಲಿ ಮಗ, ಮಿಟ್ಸ್ವಾ ಎಂದರೆ ಹೀಬ್ರೂವಿನಲ್ಲಿ ಧರ್ಮದ ಕಟ್ಟಳೆ ಎಂದು ಬಿಡಿಸಿ ಹೇಳಿದೆ. "ಹಾಗಾದರೆ ಮುಂಜಿ ಎನ್ನು" ಎಂದು ಪತ್ರಿಕೆಗೆ ಮರಳಿದರು.

ಶಾಸ್ತ್ರ ಕೇಳಿದರೆ ಇದು ಮುಂಜಿಗಿಂತ ಅಗ್ಗ. ಹದಿಮೂರು ತುಂಬಿದ ಯಹೂದಿ ಹುಡುಗ ಇಡೀ ದಿನ ಹೊದ್ದು ಮಲಗಿದ್ದರೂ ಬಾರ್ ಮಿಟ್ಸ್ವಾ ಆಗಿಯೇ ಆಗುತ್ತಾನೆ. ರೂಢಿಯಲ್ಲಿ ಅವನನ್ನು ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದಲ್ಲಿ, ಧರ್ಮಗ್ರಂಥವಾದ ತೋರಾದ ಸುರುಳಿಯ ಮುಂದೆ ಕರೆದು ಓದಿಸುತ್ತಾರೆ. ತಂದೆಯಾದವನು, ಇವನ ತಪ್ಪಿನ ಹೊಣೆಯಿಂದ ನನ್ನನ್ನು ಬಿಡಿಸಿದ ದೇವರಿಗೆ ಸ್ತೋತ್ರ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾನೆ. ಇಷ್ಟು ಪ್ರಾಮಾಣಿಕ ಪಿತೃವಾಕ್ಯವನ್ನು ನಾನು ಬೇರೆಲ್ಲೂ ಕೇಳಿಲ್ಲ. ಹೊಣೆ ಕಳೆದ ಮರುಗಳಿಗೆಗೆ ಬಿಲ್ಲು ಬರುತ್ತದೆ, ಅದು ಬೇರೆ ಮಾತು.

ಬಿಲ್ಲು ತರುವವರು ಕಾರ್ಯಕ್ರಮ ಯೋಜಕರು. ಅವರು ಮಾರುವ ಸರಕಿನ ಹೆಸರು 'ಅರ್ಥ'. "ನಿಮ್ಮ ಮಗನಿಗೆ ವೈಯಕ್ತಿಕವಾಗಿ ಅರ್ಥಪೂರ್ಣವಾದ ಥೀಮ್ ಯಾವುದು?" ಎಂದು ಯೋಜಕಿ ಕೇಳಿದರಂತೆ. "ನಿದ್ದೆ" ಎಂದನಂತೆ ಹುಡುಗ. ಅದಕ್ಕೆ ಅಲಂಕಾರ ಕಷ್ಟವೆಂದು ಬಾಸ್ಕೆಟ್‌ಬಾಲ್ ಎಂದು ತೀರ್ಮಾನವಾಯಿತು. ಅವನ ಹೆಸರಿನ ಮೊದಲಕ್ಷರಕ್ಕೆ ಚೆಂಡು ಸಿಕ್ಕಿಸಿ ಲಾಂಛನ ಬರೆಸಿದರು. ಕೈವಸ್ತ್ರದ ಮೇಲೆ, ನೃತ್ಯದ ನೆಲದ ಮೇಲೆ, ಕರಗುತ್ತಿದ್ದ ಮಂಜಿನ ಬೊಂಬೆಯ ಮೇಲೆ, ಅತಿಥಿಗಳಿಗೆ ಹಂಚಿದ ಟೊಪ್ಪಿಗೆಯಂಗಿಗಳ ಮೇಲೆ ಅದೇ ಮುದ್ರೆ. ಅತಿಥಿಗಳು ಕುಣಿಯದಿದ್ದರೆ ಎಂಬ ಮುಂಜಾಗ್ರತೆಗೆ, ಎಬ್ಬಿಸಿ ಕುಣಿಸಲೆಂದೇ ಬಾಡಿಗೆಯ ನರ್ತಕರು. ನನ್ನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಇದು ಅಮೆರಿಕದ ಹೊಸ ಹುಚ್ಚು ಎನ್ನುವವರಿಗೆ ಪೋಲೆಂಡಿನ ಕ್ರಾಕೋವ್ ನೆನಪಿಸಬೇಕು. ಊಟಗಳು ಅತಿಯಾದವೆಂದು ಅಲ್ಲಿನ ಯಹೂದಿ ಸಮುದಾಯ 1595ರಲ್ಲೇ ಬಾರ್ ಮಿಟ್ಸ್ವಾ ಔತಣಕ್ಕೆ ತೆರಿಗೆ ಹಾಕಿತ್ತು. ತೆರಿಗೆಗೆ ಹೆದರಿ ಔತಣ ನಿಲ್ಲಿಸಿದ ತಂದೆತಾಯಿ ಯಾವ ಕುಲದಲ್ಲಿದ್ದಾರೆ? 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೊರ್ದೆಕಾಯ್ ಕಪ್ಲಾನ್ ತಮ್ಮ ಮಗಳು ಜುಡಿತ್‌ಳನ್ನು ಸಭೆಯ ಮುಂದೆ ನಿಲ್ಲಿಸಿ ಓದಿಸಿದರು. ಹೆಣ್ಣುಮಗುವಿಗೆ ಬಾಟ್ ಮಿಟ್ಸ್ವಾ ಅಮೆರಿಕದಲ್ಲಿ ಶುರುವಾದದ್ದು ಹಾಗೆ, ಲಾಂಛನವಿಲ್ಲದೆ. 2005ಕ್ಕೆ ಬನ್ನಿ: ಅದೇ ನ್ಯೂಯಾರ್ಕಿನ ರೇನ್‌ಬೋ ರೂಮಿನಲ್ಲಿ ಡೇವಿಡ್ ಬ್ರೂಕ್ಸ್ ಎಂಬ ಉದ್ಯಮಿ ಮಗಳ ಬಾಟ್ ಮಿಟ್ಸ್ವಾಗೆ ಸುಮಾರು ಒಂದು ಕೋಟಿ ಡಾಲರ್ ಸುರಿದನೆಂದು ಪತ್ರಿಕೆಗಳು ಬರೆದವು. ಏರೋಸ್ಮಿತ್ ಎಂಬ ರಾಕ್ ತಂಡ ಬಂತು, ರ‍್ಯಾಪ್ ಗಾಯಕ ಫಿಫ್ಟಿ ಸೆಂಟ್ ಬಂದ. ಬ್ರೂಕ್ಸನದು ಸೈನಿಕರಿಗೆ ಗುಂಡುನಿರೋಧಕ ಕವಚ ಮಾರುವ ಕಂಪನಿ. 2010ರಲ್ಲಿ ಅವನು ವಂಚನೆಯ ಅಪರಾಧಿಯೆಂದು ತೀರ್ಪಾಯಿತು, 17 ವರ್ಷ ಜೈಲಾಯಿತು. ಲೆಕ್ಕಪತ್ರ ತಡೆಯುವ ಕವಚವನ್ನು ಅವನ ಕಾರ್ಖಾನೆ ತಯಾರಿಸುತ್ತಿರಲಿಲ್ಲ.

ನಮ್ಮ ಹುಡುಗನ ಓದು ಶನಿವಾರ ಬೆಳಿಗ್ಗೆ ಇತ್ತು. ಶಬ್ಬಾತ್ ಎಂಬ ಆ ವಿಶ್ರಾಂತಿಯ ದಿನ ಆ ಸಿನಗಾಗ್‌ನಲ್ಲಿ ಕ್ಯಾಮೆರಾ ಕೂಡದು. ಛಾಯಾಗ್ರಾಹಕರು ಹೊರಗೇ ಉಳಿದರು, ಯೋಜಕಿ ಬಂದಿರಲೇ ಇಲ್ಲ. ಸುರುಳಿಯಲ್ಲಿ ಬರೀ ವ್ಯಂಜನಗಳು. ಸ್ವರದ ಗುರುತಿಲ್ಲ, ರಾಗದ ಗುರುತಿಲ್ಲ, ಎಲ್ಲವೂ ಬಾಯಿಪಾಠ. ಪುಟ್ಟ ಕೈಯ ಆಕಾರದ ಬೆಳ್ಳಿಯ ಕಡ್ಡಿಯನ್ನು ಅಕ್ಷರಗಳ ಮೇಲೆ ಸರಿಸುತ್ತಾ ಓದಿದ. ಮೂರನೆಯ ಸಾಲಿನಲ್ಲಿ ಗಂಟಲೊಡೆಯಿತು. ಅರ್ಧ ಪದ ಹುಡುಗನದು, ಉಳಿದರ್ಧ ಗಂಡಸಿನದು. ಕಿವಿಯವರೆಗೆ ಕೆಂಪಾದ, ಮತ್ತೆ ಮೊದಲಿನಿಂದ ಓದಿದ. ಮುಗಿದಾಗ ಎಲ್ಲರೂ ಮಿಠಾಯಿ ಎಸೆದರು. ಮಾವನವರು ಅಕ್ಷತೆಯೆಂದು ಕಣ್ಣು ಮುಚ್ಚಿ ಎಸೆದದ್ದು ರಬ್ಬಿಯ ಹಣೆಗೆ ತಗುಲಿತು.

ಸಂಜೆ ದೊಡ್ಡ ಪರದೆಯ ಮೇಲೆ 'ನನ್ನ ಪಯಣ' ಎಂಬ ವಿಡಿಯೊ ಓಡಿತು. ಬೆಳಗಿನದೊಂದು ಬಿಟ್ಟು ಎಲ್ಲವೂ ಇತ್ತು.

ಉಡುಗೊರೆಯ ವಿಷಯವೊಂದು ಬಾಕಿ. ಹೀಬ್ರೂ ಅಕ್ಷರಗಳ ಲೆಕ್ಕದಲ್ಲಿ 18 ಎಂದರೆ ಜೀವ. ಆದ್ದರಿಂದ ಹಣವನ್ನು ಹದಿನೆಂಟರ ಮಗ್ಗಿಯಲ್ಲಿ ಕೊಡುತ್ತಾರೆ. ನಾನು 180 ಡಾಲರ್ ಲಕೋಟೆಗೆ ಹಾಕಿಟ್ಟಿದ್ದೆ. ಸೊನ್ನೆಯಲ್ಲಿ ಮುಗಿಯುವುದು ಶುಭವಲ್ಲವೆಂದು ಮಾವನವರು ನನಗೆ ತಿಳಿಯದಂತೆ ಒಂದು ಡಾಲರ್ ಸೇರಿಸಿದ್ದಾರೆ. ತಿಂಗಳಾದ ಮೇಲೆ ಲಾಂಛನವಿದ್ದ ಧನ್ಯವಾದದ ಕಾರ್ಡು ಬಂತು. ಅಚ್ಚು ಹಾಕಿದ ನಾಲ್ಕು ಸಾಲಿನ ಕೆಳಗೆ ಹುಡುಗನ ಕೈಬರಹ: "ಆ ಒಂದು ಡಾಲರ್ ಏಕೆ?"

ಮೈಸೂರಿಗೆ ಮರಳಿರುವ ಮಾವನವರು ಬಾಸ್ಕೆಟ್‌ಬಾಲ್ ಅಂಗಿ ತೊಟ್ಟು ಉತ್ತರ ಬರೆಯುತ್ತಿದ್ದಾರೆ. ನಾಲ್ಕನೆಯ ಪುಟದಲ್ಲಿದ್ದಾರಂತೆ.