‘ಸ’ ಅಕ್ಷರ ಬಂತು, ಹೆಸರು ಬರಲಿಲ್ಲ

ಹೋದ ತಿಂಗಳು ನಮ್ಮ ಮೇಲಿನ ಮನೆಯವರ ಮೊಮ್ಮಗಳ ನಾಮಕರಣ. ಲುಧಿಯಾನ ಕಡೆಯ ಸಿಖ್ಖರು. ಬೆಂಗಳೂರಿಗೆ ಬಂದು 20 ವರ್ಷವಾಯಿತು. ಹಲಸೂರು ಕೆರೆ ಹತ್ತಿರದ ಗುರುದ್ವಾರಕ್ಕೆ ನಮ್ಮನ್ನೂ ಕರೆದಿದ್ದರು. ತಲೆಗೆ ಕರ್ಚೀಫು ಕಟ್ಟಿಕೊಂಡು ಹಿಂದೆ ಕೂತೆ. ಗ್ರಂಥಿಗಳು, ಅಂದರೆ ಅಲ್ಲಿ ಗ್ರಂಥ ಓದುವವರು, ಸಿಖ್ಖರ ಪವಿತ್ರ ಗ್ರಂಥ ಗುರು ಗ್ರಂಥ ಸಾಹಿಬ್ ತೆರೆದರು. ಯಾವ ಪುಟ ತೆರೆಯಿತೋ ಅಲ್ಲಿಂದಲೇ ಓದಿದರು. ಆ ಶಬದ್‌ನ (ಪದ್ಯದ) ಮೊದಲ ಅಕ್ಷರ ‘ಸ’. ಅಷ್ಟೇ. ನಕ್ಷತ್ರ, ಪಾದ, ಜಾತಕ ಏನೂ ಇಲ್ಲ. ‘ಸ’ದಿಂದ ಶುರುವಾಗುವ ಯಾವ ಹೆಸರಾದರೂ ನಡೆಯುತ್ತದೆ.

ಜಗಳ ಶುರುವಾಗಿದ್ದು ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಊಟದ ಪಂಕ್ತಿಯಲ್ಲಿ, ದಾಲ್ ಬಡಿಸುವಾಗಲೇ.

ಅಜ್ಜಿಗೆ ‘ಸುಖವಿಂದರ್’ ಆಗಬೇಕು. (ಇಡೀ ಅಪಾರ್ಟ್‌ಮೆಂಟು ಇವರನ್ನು ಬೀಜಿ ಅಂತಲೇ ಕರೆಯುವುದು.) ಸೊಸೆಗೆ ‘ಸಿಯಾ’ ಇಷ್ಟ. ಕೆನಡಾದ ಬ್ರಾಂಪ್ಟನ್‌ನಲ್ಲಿರುವ ಸೋದರತ್ತೆ ವಿಡಿಯೋ ಕಾಲ್‌ನಲ್ಲಿ ಬಂದು, "ಸೋಫಿಯಾ ಅಂತ ಇಡಿ, ನಾಳೆ ಇಲ್ಲಿಗೆ ಬಂದ್ರೆ ಇವರ ಬಾಯಿಗೂ ಬರತ್ತೆ" ಅಂದಳು. ಬೀಜಿ ಫೋನಿನ ಕಡೆ ತಿರುಗಿಯೂ ನೋಡದೆ, "ಹಾಗಾದ್ರೆ ಸೋಫಾ ಅಂತ್ಲೇ ಇಟ್ಬಿಡಿ" ಅಂದರು. ಆಮೇಲೆ ನನ್ನ ಕಡೆ ನೋಡಿ, "ನೀನೇ ಹೇಳು ಬೇಟಾ, ಹಳೇ ಹೆಸರಿಗೆ ಏನು ಕಮ್ಮಿ?" ಅಂದರು. ನಾನು ಸುಮ್ನೆ ಖೀರ್‌ಗೆ ಕೈ ಹಾಕಿದೆ.

ಅವತ್ತು ಹೇಳದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಹಳೇ ಹೆಸರು ಅನ್ನುವುದು ಎಷ್ಟು ಹಳೇದು? ಪಂಜಾಬಿನ ಹಳ್ಳಿಗಳಲ್ಲಿ ಜರ್ನೈಲ್ ಸಿಂಗ್, ಕರ್ನೈಲ್ ಸಿಂಗ್ ಅನ್ನುವ ಅಜ್ಜಂದಿರು ಬೇಕಾದಷ್ಟು ಜನ. ಜರ್ನೈಲ್ ಅಂದರೆ ಜನರಲ್, ಕರ್ನೈಲ್ ಅಂದರೆ ಕರ್ನಲ್. ಫೌಜಿನ ದರ್ಜೆಗಳೇ ಹೆಸರಾಗಿಬಿಟ್ಟವು. ಅವು ಬಂದಾಗ ಯಾವುದೋ ಒಬ್ಬ ಬೀಜಿ "ಇದೆಂಥ ಫ್ಯಾಷನ್ನು" ಅಂತ ಬೈದಿರಲೇಬೇಕು. ಇನ್ನೂ ಹಿಂದೆ ಹೋಗಿ. ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗರ ನಾಲ್ಕು ಮಕ್ಕಳು ಅಜೀತ್, ಜುಝಾರ್, ಜೋರಾವರ್, ಫತೇಹ್. ಜೋರಾವರ್ ಪಾರಸಿ ಮಾತು, ಫತೇಹ್ ಅರಬ್ಬಿ. ಈಗಿನ ಅಪ್ಪ ಅಮ್ಮಂದಿರು ಹೊಸದು ಅಂತ ಇಡುತ್ತಿರುವ ‘ಫತೇಹ್’ 300 ವರ್ಷ ಹಳೇದು.

ಇದು ಉಲ್ಟಾ ಕೂಡ ಆಗುತ್ತದೆ. ಸಿಖ್ ದಂಪತಿಯ ಮಗಳಾದ ಅಮೆರಿಕದ ರಾಜಕಾರಣಿ ನಿಕ್ಕಿ ಹೇಲಿ ಬಿಳಿಯರನ್ನು ಮೆಚ್ಚಿಸಲು ಹೆಸರು ಬದಲಿಸಿಕೊಂಡರು ಅಂತ ಎಷ್ಟೋ ಜನ ಆಡಿಕೊಂಡರು. ಹುಟ್ಟಿದಾಗಿನ ಹೆಸರೇ ನಿಮ್ರತಾ ನಿಕ್ಕಿ ರಂಧಾವಾ. ಪಂಜಾಬಿಯಲ್ಲಿ ‘ನಿಕ್ಕಿ’ ಅಂದರೆ ಚಿಕ್ಕವಳು. ನಮ್ಮ ಪುಟ್ಟಿ ಇದ್ದ ಹಾಗೆ.

ಹಾಗಾಗಿ ಸುಖವಿಂದರಾ ಸಿಯಾನಾ ಅನ್ನುವ ಜಗಳದಲ್ಲಿ ನನಗೆ ಅಷ್ಟು ಆಸಕ್ತಿ ಇಲ್ಲ. ಮೊದಲ ಹೆಸರಲ್ಲಿ ಆ ಧರ್ಮ ಗಂಡು ಹೆಣ್ಣು ಅಂತಲೂ ನೋಡುವುದಿಲ್ಲ. ಮಹಿಳಾ ಕ್ರಿಕೆಟ್‌ನ ಹರ್ಮನ್‌ಪ್ರೀತ್ ಕೌರ್, ಪ್ಯಾರಿಸ್‌ನಲ್ಲಿ ಹಾಕಿ ಕಂಚು ಗೆದ್ದ ತಂಡದ ನಾಯಕ ಹರ್ಮನ್‌ಪ್ರೀತ್ ಸಿಂಗ್. ಹೆಸರು ಒಂದೇ. ಅವಳು ಕೌರ್, ಅವನು ಸಿಂಗ್. ನನ್ನ ತಕರಾರು ಇರುವುದು ಈ ಎರಡನೇ ಪದದ ಬಗ್ಗೆ.

1699ರ ಬೈಸಾಖಿ ಹಬ್ಬ, ಪಂಜಾಬಿನ ಆನಂದಪುರ. ಗುರು ಗೋಬಿಂದರು ಧರ್ಮಕ್ಕಾಗಿ ತಲೆ ಕೊಡುವವರು ಯಾರು ಅಂತ ಕೇಳಿದಾಗ ಎದ್ದು ನಿಂತವರು ಐದು ಜನ. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವನು, ದ್ವಾರಕೆಯ ದರ್ಜಿ, ನಮ್ಮ ಬೀದರಿನ ಕ್ಷೌರಿಕ ಸಾಹಿಬ್ ಚಂದ್. ಸಂಪ್ರದಾಯ ಅವರನ್ನು ನೆನೆಯುವುದು ಹೀಗೆ. ಬಂದಾಗ ಅವರ ಹೆಸರಲ್ಲಿ ರಾಮ, ದಾಸ, ರಾಯ್, ಚಂದ್ ಇತ್ತು. ಅಮೃತ (ದೀಕ್ಷೆಯ ಸಿಹಿನೀರು) ಕುಡಿದು ಎದ್ದಾಗ ಐದೂ ಜನ ಸಿಂಗ್. ಆಮೇಲೆ ಗುರುಗಳು ಆ ಐವರ ಕೈಯಿಂದಲೇ ಅಮೃತ ಪಡೆದು, ಗೋಬಿಂದ್ ರಾಯ್ ಆಗಿದ್ದವರು ಗೋಬಿಂದ್ ಸಿಂಗ್ ಆದರು. ಕ್ಷೌರಿಕನಿಗೂ ಗುರುವಿಗೂ ಒಂದೇ ಅಡ್ಡಹೆಸರು! ಹೆಸರು ಕೇಳಿ ಜಾತಿ ತಿಳಿಯುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕೌರ್ ಅನ್ನುವುದರಲ್ಲಿ ಇನ್ನೊಂದು ಲಾಭವಿದೆ. ಅಪ್ಪನ ಮನೆಯಲ್ಲೂ ಕೌರ್, ಗಂಡನ ಮನೆಯಲ್ಲೂ ಕೌರ್. ಮದುವೆಯಾದ ಮಾರನೇ ದಿನ ಬ್ಯಾಂಕಿಗೆ ಓಡಬೇಕಿಲ್ಲ. 1945ರಲ್ಲಿ ಗುರುದ್ವಾರಗಳನ್ನು ನೋಡಿಕೊಳ್ಳುವ ಶಿರೋಮಣಿ ಗುರುದ್ವಾರ ಪ್ರಬಂಧಕ್ ಕಮಿಟಿ ಒಪ್ಪಿದ ರೆಹತ್ ಮರ್ಯಾದಾದಲ್ಲೂ (ಸಿಖ್ಖರ ನಡವಳಿಕೆಯ ನಿಯಮಾವಳಿ) ಇದೇ ಇದೆ: ಗಂಡಿಗೆ ಸಿಂಗ್, ಹೆಣ್ಣಿಗೆ ಕೌರ್.

ಈಗ ಮದುವೆ ಕಾರ್ಡು ತೆಗೆದು ನೋಡಿ. ಸಂಧು ವೆಡ್ಸ್ ಗಿಲ್. ಗ್ರೇವಾಲ್ ವೆಡ್ಸ್ ಸಿಧು. ಸಿಂಗ್, ಕೌರ್ ನಡುವೆ ಎಲ್ಲೋ ಇನಿಷಿಯಲ್ ಆಗಿ ಕೂತಿರುತ್ತವೆ. ಕೆಲವು ಕಡೆ ಅದೂ ಇಲ್ಲ. ಜಾತಿ, ಗೋತ್ರ ಹೇಳುವ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ. ಹಾಡುಗಳಲ್ಲಂತೂ ಕೇಳಲೇಬೇಡಿ. ‘ಸೋಫಿಯಾ’ ಬಂದರೆ ಸಂಸ್ಕೃತಿ ಹೋಯಿತು ಅಂತ ಅಳುವವರಿಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ, ಯಾಕೆಂದರೆ ‘ಸಂಧು’ ಪಂಜಾಬಿ ಪದ ಅಲ್ವಾ.

ಪೂರ್ತಿ ಅವರದೇ ತಪ್ಪು ಅನ್ನಲಾರೆ. ಸುಮಾರು 10 ವರ್ಷ ಕೆನಡಾದ ವೀಸಾ ಕಚೇರಿ ಸಿಂಗ್, ಕೌರ್ ಮಾತ್ರ ಸರ್‌ನೇಮ್ ಆಗಿದ್ದರೆ ಒಪ್ಪುತ್ತಿರಲಿಲ್ಲ. ಎಲ್ಲರದೂ ಅದೇ ಆದರೆ ಫೈಲು ಗೊಂದಲವಾಗುತ್ತದೆ, ಬೇರೆ ಹೆಸರು ತನ್ನಿ ಅನ್ನುತ್ತಿದ್ದರು. 2007ರಲ್ಲಿ ಗಲಾಟೆಯಾದ ಮೇಲೆ ಕೈಬಿಟ್ಟರು. ಅಷ್ಟರಲ್ಲಿ ಎಷ್ಟು ಮನೆಗಳು ಬಿಟ್ಟಿದ್ದ ಗೋತ್ರವನ್ನು ಹುಡುಕಿ ತಂದು ಪಾಸ್‌ಪೋರ್ಟಿಗೆ ಅಂಟಿಸಿದವೋ! ಜಾತಿಯನ್ನು ವಾಪಸ್ ತಂದಿದ್ದು ಒಂದು ಫಾರ್ಮು. ಬ್ರಾಂಪ್ಟನ್ ಅತ್ತೆಯ ಕಷ್ಟವೂ ಸುಳ್ಳಲ್ಲ. ದಿನಕ್ಕೆ ಹತ್ತು ಸಲ ತನ್ನ ಹೆಸರನ್ನು ಅಕ್ಷರ ಬಿಡಿಸಿ ಹೇಳುವವಳು ಅವಳು, ನಾನಲ್ಲ.

ನಮ್ಮಪ್ಪ ಎಪ್ಪತ್ತರ ದಶಕದಲ್ಲಿ ಭಾಷಣ ಕೇಳಿ ಬಂದು ಹೆಸರಿನ ಬಾಲ ಕತ್ತರಿಸಿದವರು. ಹಾಗಾಗಿ ನನಗೆ ಇರುವುದು ಎರಡು ಇನಿಷಿಯಲ್, ಒಂದು ಊರು, ಒಂದು ಅಪ್ಪ. ದೆಹಲಿಗೆ ಹೋದರೆ ಎಲ್ಲರೂ ನನ್ನನ್ನು ಅಪ್ಪನ ಹೆಸರಿಂದಲೇ ಕರೆಯುತ್ತಾರೆ. ಆನಂದಪುರದ ಕಥೆ ನನಗೆ ಇಷ್ಟು ಹಿಡಿಸಲು ಅದೂ ಒಂದು ಕಾರಣ ಇರಬಹುದು.

ಮೊನ್ನೆ ಮೆಟ್ಟಿಲಲ್ಲಿ ಬೀಜಿ ಸಿಕ್ಕರು. ಹೆಸರು ತೀರ್ಮಾನವಾಗಿದೆ: ‘ಸೆಹಜ್’. ನಮ್ಮ ‘ಸಹಜ’ವೇ. ಗುರುಬಾನಿಯಲ್ಲಿ, ಅಂದರೆ ಗ್ರಂಥದ ವಾಣಿಯಲ್ಲಿ, ಮತ್ತೆ ಮತ್ತೆ ಬರುವ ಪದ. ಸೊಸೆಗೆ ಚಿಕ್ಕದಾಗಿದೆ ಅಂತ ಖುಷಿ, ಇವರಿಗೆ ಗ್ರಂಥದಲ್ಲಿದೆ ಅಂತ ಖುಷಿ. ಆದರೆ ಜನನ ಪ್ರಮಾಣಪತ್ರಕ್ಕೆ ಇನ್ನೂ ಹೆಸರು ಸೇರಿಸಿಲ್ಲವಂತೆ. ಕೌರ್ ಸಾಕು ಅಂತ ಬೀಜಿ, ಮನೆತನದ ಹೆಸರೂ ಇರಲಿ ಅಂತ ಮಗ.

ಈ ಸಲ ಬಾಯಿ ಬಿಟ್ಟೆ. "ಕೌರ್ ಅಂತಲೇ ಬರೆಸಿ ಬೀಜಿ, ಬಿಟ್ಟುಕೊಡಬೇಡಿ" ಅಂದೆ. ಬೀದರಿನ ಸಾಹಿಬ್ ಚಂದ್ ಕಥೆಯನ್ನೂ ಹೇಳಿದೆ. ಅವರಿಗೇ!

ಪೂರ್ತಿ ಕೇಳಿದರು. "ನಿನ್ನ ಮಗನಿಗೆ ಏನು ಬರೆಸಿದ್ದೀಯ?"

ಸ್ಕೂಲ್ ಅಡ್ಮಿಷನ್ನಿನ ಆನ್‌ಲೈನ್ ಫಾರ್ಮು ಸರ್‌ನೇಮ್ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ, ಅವತ್ತೇ ಕೊನೇ ದಿನ ಬೇರೆ, ಅದಕ್ಕೇ ‘ಗೌಡ’ ಅಂತ ಹಾಕಿದೆ ಅಂದೆ. ಬೀಜಿ ಏನೂ ಹೇಳಲಿಲ್ಲ. ತರಕಾರಿ ಚೀಲ ನನ್ನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು.