ಎಲೆಯ ಅಂಚಿನ ಕೋಸಂಬರಿ ತಟ್ಟೆಯ ನಡುವಿಗೆ ಬರಲಿ

ಅಹಮದಾಬಾದಿನ ಎಷ್ಟೋ ಮನೆಗಳಲ್ಲಿ ಬುಧವಾರ ಬಂತೆಂದರೆ ಹೆಸರುಕಾಳು. 'ಮಗ್ ಚಲಾವೇ ಪಗ್' ಅನ್ನುವುದು ಇಲ್ಲಿಯವರ ಗಾದೆ: ಹೆಸರುಕಾಳು ತಿಂದರೆ ಕಾಲು ನಡೆಯುತ್ತದೆ. ನಮ್ಮಲ್ಲೂ ಹೆಸರುಬೇಳೆ ಉಂಟು, ಆದರೆ ಕೋಸಂಬರಿಯಾಗಿ ಎಲೆಯ ತುದಿಯಲ್ಲಿ ಒಂದು ಚಮಚ. ಸಕ್ಕರೆ ಕಾಯಿಲೆ ಇರುವ ಅಪ್ಪ-ಅಮ್ಮಂದಿರ ಊಟದಲ್ಲಿ ನಾವು ತಪ್ಪುತ್ತಿರುವುದು ಇಲ್ಲೇ, ಪ್ರೋಟೀನ್ ಕೊಡುವ ಬೇಳೆಕಾಳು ಕಡಿಮೆ ಬಡಿಸುವುದರಲ್ಲೇ ಎಂಬುದು ನನ್ನ ಗಟ್ಟಿ ಅನಿಸಿಕೆ.

ಶುಗರ್ ಬಂತು ಅಂದ ಕೂಡಲೇ ನಾವು ಅನ್ನ ಬಿಡಿಸಿ ಮುದ್ದೆ ಕೊಡುತ್ತೇವೆ. ರಾಗಿಯಲ್ಲಿ ನಾರು, ಸುಣ್ಣದಂಶ ಇದೆ, ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ, ಪಿಷ್ಟ ಮೂರನೇ ಎರಡು ಪಾಲು. ನುಣ್ಣಗೆ ಬೀಸಿದ ಹಿಟ್ಟು ಮೆತ್ತಗೆ ಬೆಂದರೆ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯೂ ಬೇಗ ಏರುತ್ತದೆ. ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ. ಮುದ್ದೆ ಬೇಡವೆನ್ನುತ್ತಿಲ್ಲ, ಅರ್ಧ ಸಾಕು. ಇನ್ನು ಸಾರು: ನಾಲ್ವರಿಗೆ ಒಂದು ಹಿಡಿ, ಅಂದರೆ 50 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರಿಗೆ ಸಿಗುವ ಪ್ರೋಟೀನ್ 3 ಗ್ರಾಂ ಕೂಡ ಇಲ್ಲ. ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ ಅದೂ ಇಲ್ಲ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಕನಿಷ್ಠ 50 ಗ್ರಾಂ ಬೇಕು.

ಗುಜರಾತಿಗಳ ಪುಡ್ಲಾ, ಅಂದರೆ ಬೇಳೆ ಹಿಟ್ಟಿನ ತೆಳು ದೋಸೆ, ಇದಕ್ಕೆ ಒಳ್ಳೆಯ ದಾರಿ. ಇಬ್ಬರಿಗೆ 100 ಗ್ರಾಂ ಹೆಸರುಬೇಳೆ, ಮೂರು ಗಂಟೆ ನೆನೆಸಿ. ಹಸಿಮೆಣಸು, ಶುಂಠಿ, ಜೀರಿಗೆ, ಇಂಗು ಹಾಕಿ ಸ್ವಲ್ಪವೇ ನೀರಲ್ಲಿ ರುಬ್ಬಿ. ಗರಿಗರಿ ಆಗಲಿ ಅಂತ ಅಕ್ಕಿ ಸೇರಿಸಬೇಡಿ. ಮತ್ತೆ ಅಕ್ಕಿ ದೋಸೆಯ ಕಡೆಗೇ ಹೋದ ಹಾಗಾಗುತ್ತದೆ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ. ನೀರು ಚಿಮುಕಿಸಿ, ಒರೆಸಿ, ಸಣ್ಣ ಉರಿಯಲ್ಲಿ ತೆಳ್ಳಗೆ ಹರಡಿ, ಅರ್ಧ ಚಮಚ ಎಣ್ಣೆ ಬಿಟ್ಟು ಮುಚ್ಚಿ ಬೇಯಿಸಿ. ದಪ್ಪಗೆ ಹೊಯ್ದರೆ ಒಳಗೆ ಹಸಿ ಉಳಿದು ವಯಸ್ಸಾದವರಿಗೆ ಹೊಟ್ಟೆಯುಬ್ಬರ. ಒಬ್ಬರ ಪಾಲಿನ 50 ಗ್ರಾಂ ಬೇಳೆಯಲ್ಲಿ 12 ಗ್ರಾಂ ಪ್ರೋಟೀನ್. ಮೇಲೆ 25 ಗ್ರಾಂ ಪನೀರ್ ತುರಿದರೆ ಇನ್ನೊಂದು 4-5 ಗ್ರಾಂ.

ಇಲ್ಲಿಂದ ಕಲಿಯಬಾರದ್ದೂ ಇದೆ. ಗುಜರಾತಿ ದಾಲ್‌ಗೆ ಬೆಲ್ಲ ಬೀಳಲೇಬೇಕು, ಮಧ್ಯಾಹ್ನಕ್ಕೆ ಫರ್ಸಾಣ್ ಅನ್ನುವ ಕರಿದ ಕುರುಕಲು ಬೇರೆ. ಮೈಸೂರು ಕಡೆಯ ಹುಳಿಗೂ ಬೆಲ್ಲ ಹಾಕುತ್ತಾರೆ, ಅದನ್ನೂ ನಿಲ್ಲಿಸಿ. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂಬ ಮಾತು ಸುಳ್ಳು. ಅದರಲ್ಲೂ ಬಹುಪಾಲು ಇರುವುದು ಸಕ್ಕರೆಯೇ.

ನಮ್ಮ ಅಡುಗೆಮನೆ ಬಡವಾಗಿಲ್ಲ. ಬಸ್ಸಾರನ್ನೇ ನೋಡಿ: ರುಚಿ ಬಸಿದ ಕಟ್ಟಿಗೆ ಹೋಗುತ್ತದೆ, ಪ್ರೋಟೀನ್ ಕಾಳಿನ ಪಲ್ಯದಲ್ಲಿ ಉಳಿಯುತ್ತದೆ. ಹಾಗಾಗಿ ಪಲ್ಯ ಒಂದು ಬಟ್ಟಲು, ಮುದ್ದೆ ನಿಂಬೆಗಾತ್ರಕ್ಕಿಂತ ಸ್ವಲ್ಪ ದೊಡ್ಡದು. ಕೋಸಂಬರಿಯೂ ಬಟ್ಟಲ ತುಂಬ ಇರಲಿ. ಉಪ್ಪು ತಿನ್ನುವಾಗ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಹಲ್ಲಿಲ್ಲದವರಿಗೆ ನೆನೆದ ಬೇಳೆಯನ್ನು ಆವಿಯಲ್ಲಿ ಮೆತ್ತಗೆ ಬೇಯಿಸಿ ಕೊಡಿ. ಪಲ್ಯ, ಕೋಸಂಬರಿ ಮೊದಲು, ಮುದ್ದೆ-ಅನ್ನ ಕೊನೆಗೆ. ಈ ಕ್ರಮದಲ್ಲಿ ಉಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ.

ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಕಿಡ್ನಿ ತೊಂದರೆ ಇದ್ದರೆ ಪ್ರೋಟೀನ್ ಎಷ್ಟೆಂದು ವೈದ್ಯರೇ ಹೇಳಬೇಕು. ಕಿಡ್ನಿ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸದೆ ಹೆಚ್ಚಿಸಬೇಡಿ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಅನ್ನವನ್ನು ಏಕಾಏಕಿ ಅರ್ಧ ಮಾಡಿದರೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ ಇಳಿದೀತು. ಬೆವರು, ಕೈ ನಡುಕ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಿ. ಮಾತ್ರೆಯ ಪ್ರಮಾಣದ ಬಗ್ಗೆ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಒಂದು ದಿನ ಉಪ್ಪಿಟ್ಟು, ಇನ್ನೊಂದು ದಿನ ಪುಡ್ಲಾ ಕೊಡಿ. ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿ, ಎರಡೂ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು ಅಮ್ಮನಿಗೆ ತೋರಿಸಿ.